ಎದುರುಬದುರು ಚಲಿಸುವ ಕಾಯಗಳ ಲೆಕ್ಕ: ತಪ್ಪು ಉತ್ತರದಿಂದ ತಪ್ಪಿನ ಮೂಲಕ್ಕೆ

ಒಂದೇ ಸರಳರೇಖೆಯ ಮೇಲೆ ಎರಡು ಕಾಯಗಳು ಒಂದರತ್ತ ಒಂದು ವೇಗ ಹೆಚ್ಚಿಸಿಕೊಳ್ಳುತ್ತ ಬರುತ್ತಿವೆ. ಅವು ಎಷ್ಟು ಹೊತ್ತಿಗೆ, ಎಲ್ಲಿ ಸಂಧಿಸುತ್ತವೆ? ಪಿಯುಸಿ ಮೊದಲ ವರ್ಷದ ಚಲನೆಯ ಪಾಠದಲ್ಲಿ ಎದುರಾಗುವ ಈ ಪ್ರಶ್ನೆ ಮುಂದೆ ಪ್ರವೇಶ ಪರೀಕ್ಷೆಗಳವರೆಗೂ ವೇಷ ಬದಲಿಸಿಕೊಂಡು ಹಿಂಬಾಲಿಸುತ್ತದೆ. ಬೇಕಾಗುವ ಸೂತ್ರ ಬಹುಮಟ್ಟಿಗೆ ಒಂದೇ: ಸ್ಥಾನಪಲ್ಲಟ = ಆರಂಭಿಕ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ² (ವೇಗೋತ್ಕರ್ಷವೆಂದರೆ ವೇಗ ಬದಲಾಗುವ ದರ). ಆದರೂ ಈ ಸೂತ್ರ ಬಾಯಿಗೆ ಬರುವ ವಿದ್ಯಾರ್ಥಿಗಳೇ ಇಲ್ಲಿ ಎಡವುತ್ತಾರೆ. ನಾನು ತಿದ್ದಿದ ಉತ್ತರಗಳಲ್ಲಿ ಗುಣಾಕಾರ, ಭಾಗಾಕಾರದಲ್ಲಿ ತಪ್ಪಿದವು ಕಡಿಮೆ; ಹೆಚ್ಚಿನ ತಪ್ಪುಗಳು ಮೊದಲ ಸಮೀಕರಣ ಬರೆಯುವ ಮುನ್ನವೇ, ಅಂದರೆ ದಿಕ್ಕು, ಮೂಲಬಿಂದು ಮತ್ತು ಗಡಿಯಾರವನ್ನು ಆರಿಸಿಕೊಳ್ಳುವ ಹಂತದಲ್ಲೇ, ಒಳಗೆ ಬಂದಿರುತ್ತವೆ.

ಉತ್ತರ ತಾಳೆಯಾಗದಿದ್ದಾಗ ಬರೆದದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಲೆಕ್ಕ ಹಾಕುವುದು ವಾಡಿಕೆ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಮನಸ್ಸು ಅದೇ ಪ್ರಶ್ನೆಯನ್ನು ಅದೇ ರೀತಿ ಓದಿ ಅದೇ ತಪ್ಪನ್ನು ಇನ್ನೊಮ್ಮೆ ಮಾಡುತ್ತದೆ. ಅದರ ಬದಲು ತಪ್ಪು ಉತ್ತರವನ್ನೇ ಮುಂದಿಟ್ಟುಕೊಂಡು ಪರೀಕ್ಷಿಸಿ. ಈ ಬಗೆಯ ಲೆಕ್ಕಗಳಲ್ಲಿ ತಪ್ಪು ಉತ್ತರವೆಂಬುದು ಬಹಳ ಸಲ ನಮ್ಮನ್ನು ಕೇಳದೇ ಇದ್ದ ಇನ್ನೊಂದು ಪ್ರಶ್ನೆಯ ಸರಿಯಾದ ಉತ್ತರವಾಗಿರುತ್ತದೆ. ಆ ಇನ್ನೊಂದು ಪ್ರಶ್ನೆ ಯಾವುದೆಂದು ಗುರುತಿಸಿದರೆ ತಪ್ಪು ಎಲ್ಲಿ ನುಸುಳಿತೆಂಬುದು ತಾನಾಗಿಯೇ ಕಾಣುತ್ತದೆ. ಮುಂದಿನ ಸಮೀಕರಣಗಳಲ್ಲಿ ಕಾಲವನ್ನು ‘ಕ’ ಎಂಬ ಅಕ್ಷರದಿಂದ ಸೂಚಿಸಿದ್ದೇನೆ. ಬೇರೆ ಹೇಳದ ಕಡೆ ದೂರ ಮೀಟರಿನಲ್ಲಿದೆ, ಕಾಲ ಸೆಕೆಂಡಿನಲ್ಲಿದೆ.

ವರ್ಗಮೂಲದೊಳಗೆ ಋಣ ಸಂಖ್ಯೆ ಬಂದರೆ, ಅಥವಾ ಕಾಲ ತೀರ ಹೆಚ್ಚಾದರೆ

ನೇರ ರಸ್ತೆಯ ಎಡತುದಿಯಲ್ಲಿ ಒಂದು ಲಾರಿ, ಅದರಿಂದ 300 ಮೀಟರ್ ಬಲಕ್ಕೆ ಒಂದು ಕಾರು ನಿಂತಿವೆ. ಎರಡೂ ಒಂದೇ ಕ್ಷಣದಲ್ಲಿ ಹೊರಡುತ್ತವೆ. ಲಾರಿ ಬಲಕ್ಕೆ 2 ಮೀ/ಸೆ², ಕಾರು ಎಡಕ್ಕೆ 4 ಮೀ/ಸೆ² ವೇಗೋತ್ಕರ್ಷ ಪಡೆಯುತ್ತವೆ. ಲಾರಿ ಹೊರಟ ಜಾಗವನ್ನು ಮೂಲಬಿಂದುವೆಂದೂ ಬಲದಿಕ್ಕನ್ನು ಧನವೆಂದೂ ಇಟ್ಟುಕೊಂಡರೆ, ಲಾರಿಯ ಸ್ಥಾನ ಕ², ಕಾರಿನ ಸ್ಥಾನ 300 − 2ಕ². ಸಂಧಿಸುವುದೆಂದರೆ ಎರಡು ಸ್ಥಾನಗಳು ಸಮವಾಗುವುದು; ಆದ್ದರಿಂದ 3ಕ² = 300, ಕಾಲ 10 ಸೆಕೆಂಡು. ಅಷ್ಟರಲ್ಲಿ ಲಾರಿ 100 ಮೀಟರ್, ಕಾರು 200 ಮೀಟರ್ ಸಾಗಿರುತ್ತವೆ. ಎರಡನ್ನೂ ಕೂಡಿಸಿದರೆ 300.

ಈ ಲೆಕ್ಕದಲ್ಲಿ ಎರಡು ಬಗೆಯ ತಪ್ಪು ಉತ್ತರಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದರಲ್ಲಿ ಕಾರಿನ ಸ್ಥಾನವನ್ನು 300 + 2ಕ² ಎಂದು ಬರೆದಿರುತ್ತಾರೆ, ಆಗ ಕ² = −300 ಎಂದು ಬರುತ್ತದೆ. ವಿದ್ಯಾರ್ಥಿಗಳು ಗಾಬರಿಗೊಂಡು ಋಣ ಚಿಹ್ನೆಯನ್ನು ಸದ್ದಿಲ್ಲದೆ ಬಿಟ್ಟು 17.3 ಸೆಕೆಂಡು ಎಂದು ಬರೆದುಬಿಡುತ್ತಾರೆ. ಆ ಋಣ ಚಿಹ್ನೆ ನಿಜವನ್ನೇ ಹೇಳುತ್ತಿತ್ತು: ಅವರು ಬರೆದ ಸಮೀಕರಣದಲ್ಲಿ ಕಾರು ಬಲಕ್ಕೆ, ಲಾರಿಗಿಂತ ಹೆಚ್ಚಿನ ವೇಗೋತ್ಕರ್ಷದಲ್ಲಿ ಓಡಿಹೋಗುತ್ತಿದೆ, ಲಾರಿ ಅದನ್ನು ಎಂದೂ ಮುಟ್ಟುವುದಿಲ್ಲ. ಇನ್ನೊಂದರಲ್ಲಿ ‘ದಿಕ್ಕು ವಿರುದ್ಧ, ಆದ್ದರಿಂದ ಕಳೆಯಬೇಕು’ ಎಂದು 4ರಿಂದ 2ನ್ನು ಕಳೆದು, ½ × 2 × ಕ² = 300 ಎಂದು ನೇರವಾಗಿಯೇ 17.3 ಸೆಕೆಂಡಿಗೆ ಬರುತ್ತಾರೆ. ಈ ಉತ್ತರವನ್ನು ಹಿಂದಕ್ಕೆ ಹಾಕಿ ನೋಡಿದರೆ ಲಾರಿ 300 ಮೀಟರ್, ಕಾರು 600 ಮೀಟರ್ ಸಾಗಿರುತ್ತವೆ. ಎರಡರ ಮೊತ್ತ 300 ಆಗಬೇಕಿತ್ತು. ಇಲ್ಲಿ ವ್ಯತ್ಯಾಸ 300 ಆಗಿದೆ. ಅಂದರೆ ಇದು ಲಾರಿಯ ಹಿಂದೆ 300 ಮೀಟರ್ ದೂರದಿಂದ ಕಾರು ಅದೇ ದಿಕ್ಕಿನಲ್ಲಿ ಬೆನ್ನಟ್ಟಿ ಬಂದ ಲೆಕ್ಕದ ಸರಿಯಾದ ಉತ್ತರ.

ತಪ್ಪಿನ ಬೇರು ಒಂದೇ ಕಡೆಯಿದೆ. ಬೇಕಾದ ಎರಡು ಋಣ ಚಿಹ್ನೆಗಳಲ್ಲಿ ಒಂದನ್ನಷ್ಟೇ ಹಾಕಲಾಗಿದೆ. ಎಡದಿಕ್ಕಿನ ವೇಗೋತ್ಕರ್ಷವನ್ನು −4 ಎಂದು ಬರೆದ ಮೇಲೆ ಸಾಪೇಕ್ಷ ವೇಗೋತ್ಕರ್ಷ (ಒಂದರಿಂದ ನೋಡಿದಾಗ ಇನ್ನೊಂದಕ್ಕೆ ಇರುವ ವೇಗೋತ್ಕರ್ಷ) 2 − (−4) = 6 ಆಗುತ್ತದೆ; ಕಳೆಯುವ ಚಿಹ್ನೆ ಒಂದು, ದಿಕ್ಕಿನ ಚಿಹ್ನೆ ಇನ್ನೊಂದು. ‘ಎದುರು ಬಂದರೆ ಕೂಡಿಸು, ಹಿಂದೆ ಬಂದರೆ ಕಳೆ’ ಎಂಬ ಬಾಯಿಪಾಠದ ಸೂತ್ರವನ್ನು ನಾನು ಕಲಿಸುವುದಿಲ್ಲ. ಅದು ಸುಲಭದ ಲೆಕ್ಕಗಳಲ್ಲಿ ಕೆಲಸ ಮಾಡಿ, ವೇಗದ ದಿಕ್ಕು ಒಂದು, ವೇಗೋತ್ಕರ್ಷದ ದಿಕ್ಕು ಇನ್ನೊಂದು ಆಗಿರುವ ಲೆಕ್ಕದಲ್ಲಿ ಕೈಬಿಡುತ್ತದೆ. ಒಂದೇ ಅಕ್ಷ, ಒಂದೇ ಮೂಲಬಿಂದು ಇಟ್ಟುಕೊಂಡು ಎರಡು ಸ್ಥಾನಗಳನ್ನು ಬರೆದು ಸಮೀಕರಿಸುವ ದಾರಿ ಒಂದು ಸಾಲು ಉದ್ದವಾದೀತು, ಆದರೆ ಎಲ್ಲ ಕಡೆ ನಡೆಯುತ್ತದೆ.

ನೀವು ತಳ್ಳಿಹಾಕಿದ ಋಣ ಮೂಲವೇ ಉತ್ತರದ ಪುಟದಲ್ಲಿದ್ದರೆ

‘ಒಂದರತ್ತ ಒಂದು ಚಲಿಸುತ್ತಿವೆ’ ಎಂಬುದೂ ‘ಒಂದರತ್ತ ಒಂದು ವೇಗೋತ್ಕರ್ಷ ಹೊಂದಿವೆ’ ಎಂಬುದೂ ಬೇರೆ ಬೇರೆ ಮಾತುಗಳು. ಎರಡನೆಯದು ವೇಗ ಯಾವ ಕಡೆಗಿದೆ ಎಂಬುದನ್ನು ಹೇಳುವುದೇ ಇಲ್ಲ. ಒಂದು ಗಾಡಿ ಗೋಡೆಯಿಂದ 75 ಮೀಟರ್ ದೂರದಲ್ಲಿ, ಗೋಡೆಗೆ ಬೆನ್ನು ಹಾಕಿ 10 ಮೀ/ಸೆ ವೇಗದಲ್ಲಿ ಸರಿಯುತ್ತಿದೆ. ಅದರ ವೇಗೋತ್ಕರ್ಷ ಗೋಡೆಯ ಕಡೆಗೆ 2 ಮೀ/ಸೆ² ಇದೆ. ಗೋಡೆ ಮುಟ್ಟಲು ಎಷ್ಟು ಕಾಲ ಬೇಕು? ಗೋಡೆಯ ದಿಕ್ಕನ್ನು ಧನವೆಂದರೆ 75 = −10ಕ + ಕ²; ಮೂಲಗಳು 15 ಮತ್ತು −5. ಗಾಡಿ ಮೊದಲ 5 ಸೆಕೆಂಡಿನಲ್ಲಿ 25 ಮೀಟರ್ ಇನ್ನೂ ದೂರ ಹೋಗಿ ನಿಂತು, ಬಳಿಕ 10 ಸೆಕೆಂಡಿನಲ್ಲಿ 100 ಮೀಟರ್ ಮರಳಿ ಬರುತ್ತದೆ. ಉತ್ತರ 15 ಸೆಕೆಂಡು.

‘ಕಡೆಗೆ’ ಎಂಬ ಒಂದು ಪದವನ್ನು ಕಂಡೊಡನೆ ಎಲ್ಲ ಸಂಖ್ಯೆಗಳಿಗೂ ಧನ ಚಿಹ್ನೆ ಹಾಕಿದವರಿಗೆ ಸಿಗುವುದು 75 = 10ಕ + ಕ², ಅದರಿಂದ 5 ಸೆಕೆಂಡು. ಈ 5 ಎಲ್ಲಿಂದ ಬಂತೆಂದು ಗಮನಿಸಿ: ಸರಿಯಾದ ಸಮೀಕರಣದ ಋಣ ಮೂಲ −5. ಇದು ಆಕಸ್ಮಿಕವಲ್ಲ. ಆರಂಭಿಕ ವೇಗದ ಚಿಹ್ನೆಯನ್ನಷ್ಟೇ ತಿರುಗಿಸಿದರೆ ವರ್ಗ ಸಮೀಕರಣದ ಎರಡೂ ಮೂಲಗಳ ಚಿಹ್ನೆ ತಿರುಗುತ್ತದೆ, ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಹೀಗಾಗಿ ನಿಮ್ಮ ಉತ್ತರವೂ ಪುಸ್ತಕದ ಉತ್ತರವೂ ಹೊಂದದಿದ್ದಾಗ, ನೀವು ಅರ್ಥವಿಲ್ಲವೆಂದು ತಳ್ಳಿದ ಋಣ ಮೂಲದ ಚಿಹ್ನೆ ತೆಗೆದು ನೋಡಿ. ಅದು ಪುಸ್ತಕದ ಉತ್ತರಕ್ಕೆ ಸಮವಾದರೆ ದೋಷ ಆರಂಭಿಕ ವೇಗದ ಚಿಹ್ನೆಯಲ್ಲಿದೆ, ಬೇರೆಲ್ಲೂ ಹುಡುಕಬೇಕಾಗಿಲ್ಲ. ಋಣ ಮೂಲಕ್ಕೆ ಅರ್ಥವಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ: ಗಡಿಯಾರ ಶುರುವಾಗುವ ಮುಂಚೆಯೂ ಇದೇ ವೇಗೋತ್ಕರ್ಷ ಇದ್ದಿದ್ದರೆ, ಗಾಡಿ 5 ಸೆಕೆಂಡು ಹಿಂದೆ ಗೋಡೆಯ ಬಳಿಯೇ ಇರುತ್ತಿತ್ತು ಎಂದು ಅದು ಹೇಳುತ್ತದೆ.

ಮೇಲಕ್ಕೆಸೆದ ಕಲ್ಲು ಮೇಲೇರುತ್ತ ವೇಗ ಪಡೆದರೆ

60 ಮೀಟರ್ ಎತ್ತರದಿಂದ ಒಂದು ಕಲ್ಲನ್ನು ಕೈಬಿಡಲಾಗಿದೆ. ಅದೇ ಕ್ಷಣದಲ್ಲಿ ಅದರ ನೇರ ಕೆಳಗಿನ ನೆಲದಿಂದ ಇನ್ನೊಂದನ್ನು 30 ಮೀ/ಸೆ ವೇಗದಲ್ಲಿ ಮೇಲಕ್ಕೆ ಎಸೆಯಲಾಗಿದೆ. ಒಂದು ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ, ಆದ್ದರಿಂದ ವೇಗೋತ್ಕರ್ಷಗಳೂ ವಿರುದ್ಧ ಎಂದು ಭಾವಿಸಿ 9.8ನ್ನು ಇಮ್ಮಡಿಸಿದವರು 60 = 30ಕ + 9.8ಕ² ಎಂದು ಬರೆದು ಸುಮಾರು 1.38 ಸೆಕೆಂಡು ಎನ್ನುತ್ತಾರೆ. ದೂರಗಳನ್ನು ಕೂಡಿದರೆ 60 ಬರುತ್ತದೆ, ಹೀಗಾಗಿ ಮೊತ್ತದ ತಾಳೆ ಇಲ್ಲಿ ನೆರವಾಗುವುದಿಲ್ಲ. ಕೊನೆಯ ವೇಗವನ್ನು ನೋಡಬೇಕು. ಈ ಸಮೀಕರಣದಂತೆ ಮೇಲಕ್ಕೆಸೆದ ಕಲ್ಲಿನ ವೇಗ 1.38 ಸೆಕೆಂಡಿನ ಕೊನೆಗೆ 43.5 ಮೀ/ಸೆ ಆಗಿರುತ್ತದೆ. ಏರುತ್ತಿರುವ ಕಲ್ಲು ವೇಗ ಕಳೆದುಕೊಳ್ಳಬೇಕೇ ಹೊರತು ಗಳಿಸಬಾರದು.

ಗುರುತ್ವ ಎರಡೂ ಕಲ್ಲುಗಳನ್ನು ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಎಳೆಯುತ್ತದೆ. ಹಾಗಾಗಿ ಅವುಗಳ ಸಾಪೇಕ್ಷ ವೇಗೋತ್ಕರ್ಷ ಸೊನ್ನೆ. ಒಂದು ಕಲ್ಲಿನ ಮೇಲೆ ಕುಳಿತು ನೋಡಿದರೆ ಇನ್ನೊಂದು ಏಕರೂಪ ವೇಗದಲ್ಲಿ ಹತ್ತಿರ ಬರುತ್ತದೆ. 60ನ್ನು 30ರಿಂದ ಭಾಗಿಸಿದರೆ ಸಾಕು, ಕಾಲ 2 ಸೆಕೆಂಡು. ಕೈಬಿಟ್ಟ ಕಲ್ಲು 19.6 ಮೀಟರ್ ಇಳಿದಿರುತ್ತದೆ, ಎಸೆದದ್ದು 40.4 ಮೀಟರ್ ಏರಿರುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ತೆಗೆದುಕೊಂಡರೂ ಕಾಲ ಬದಲಾಗುವುದಿಲ್ಲ, ಸಂಧಿಸುವ ಎತ್ತರ ಮಾತ್ರ ಬದಲಾಗುತ್ತದೆ. ನನ್ನ ಪಾಲಿಗೆ ಇದು ಈ ಪಾಠದ ಅತ್ಯಂತ ಚೆಲುವಾದ ಲೆಕ್ಕ.

ಎರಡು ಗಡಿಯಾರಗಳು

ಮೊದಲಿನ ಲಾರಿ, ಕಾರುಗಳನ್ನೇ ತೆಗೆದುಕೊಳ್ಳೋಣ. ಈಗ ಅಂತರ 172 ಮೀಟರ್. ಲಾರಿ ಹೊರಟ 4 ಸೆಕೆಂಡಿನ ಬಳಿಕ ಕಾರು ಹೊರಡುತ್ತದೆ. ಲಾರಿಯ ಗಡಿಯಾರವನ್ನು ಹಿಡಿದರೆ ಕಾರು ಚಲಿಸಿದ ಕಾಲ ಕ − 4. ಆದ್ದರಿಂದ ಕ² + 2(ಕ − 4)² = 172; ಬಿಡಿಸಿದರೆ 3ಕ² − 16ಕ − 140 = 0. ಮೂಲಗಳು 10 ಮತ್ತು −4.67. ಉತ್ತರ 10 ಸೆಕೆಂಡು. ಅದು 4ಕ್ಕಿಂತ ಹೆಚ್ಚಿರುವುದರಿಂದ ಕಾರು ಹೊರಟ ನಂತರದ ಕ್ಷಣವೇ ಹೌದು.

ಇಲ್ಲಿ ನಿಮ್ಮ ಉತ್ತರ 7.57 ಆಗಿದ್ದರೆ ಎರಡೂ ವಾಹನಗಳಿಗೆ ಒಂದೇ ಕಾಲವನ್ನು ಹಾಕಿದ್ದೀರಿ, ತಡವನ್ನು ಮರೆತಿದ್ದೀರಿ. ಉತ್ತರ 4.67 ಆಗಿದ್ದರೆ ಕ − 4 ಎಂಬುದರ ಬದಲು ಕ + 4 ಬರೆದಿದ್ದೀರಿ, ಅಂದರೆ ಕಾರನ್ನು 4 ಸೆಕೆಂಡು ಮೊದಲೇ ಹೊರಡಿಸಿದ್ದೀರಿ. ಉತ್ತರ 6 ಆಗಿದ್ದರೆ ಲೆಕ್ಕ ಸರಿಯಾಗಿದೆ, ಗಡಿಯಾರ ಮಾತ್ರ ಕಾರಿನದು. ಪ್ರಶ್ನೆ ಲಾರಿ ಹೊರಟ ಕ್ಷಣದಿಂದ ಕೇಳಿದ್ದರೆ 4 ಕೂಡಿಸಬೇಕು. ಈ ಕೊನೆಯ ದಾರಿಯನ್ನೇ ತಾಳೆ ನೋಡಲು ಬಳಸಬಹುದು: ಕಾರು ಹೊರಡುವ ಹೊತ್ತಿಗೆ ಲಾರಿ 16 ಮೀಟರ್ ಬಂದಿದ್ದು ಅದರ ವೇಗ 8 ಮೀ/ಸೆ ಆಗಿದೆ, ಉಳಿದ 156 ಮೀಟರನ್ನು 8ಕ + 3ಕ² ಎಂಬುದಕ್ಕೆ ಸಮೀಕರಿಸಿದರೆ 6 ಸೆಕೆಂಡು. ಆ 8 ಮೀ/ಸೆ ವೇಗವನ್ನು ಬಿಟ್ಟುಬಿಡುವವರು ಬಹಳ ಮಂದಿ. ಲಾರಿ ಮತ್ತೆ ನಿಶ್ಚಲ ಸ್ಥಿತಿಯಿಂದ ಹೊರಟಿತೆಂಬಂತೆ ಅವರು ಬರೆಯುತ್ತಾರೆ.

ನಿಂತ ರೈಲು ಹಿಂದಕ್ಕೆ ಓಡಿದರೆ

ಇಲ್ಲಿಯವರೆಗಿನ ತಪ್ಪುಗಳು ಅಂಕ ಕಳೆಯುವಂಥವು. ಇದು ಹಾಗಲ್ಲ, ಅಪಾಯವಿದ್ದಲ್ಲಿ ಅಪಾಯವಿಲ್ಲ ಎಂದು ಇದು ಹೇಳುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೇ ಹಳಿಯ ಮೇಲೆ ಎರಡು ರೈಲುಗಳು ಎದುರುಬದುರಾಗಿ ಬರುತ್ತಿವೆ. ಮೊದಲನೆಯದರ ವೇಗ ಗಂಟೆಗೆ 72 ಕಿ.ಮೀ., ಅಂದರೆ 20 ಮೀ/ಸೆ. ಎರಡನೆಯದರ ವೇಗ ಗಂಟೆಗೆ 108 ಕಿ.ಮೀ., ಅಂದರೆ 30 ಮೀ/ಸೆ. ಎರಡು ಎಂಜಿನ್‌ಗಳ ಮೂತಿಗಳ ನಡುವೆ 540 ಮೀಟರ್ ಇರುವಾಗ ಎರಡೂ ಚಾಲಕರು ಒಟ್ಟಿಗೆ ಬ್ರೇಕ್ ಹಾಕುತ್ತಾರೆ. ಮೊದಲನೆಯ ರೈಲಿನ ವೇಗ ಪ್ರತಿ ಸೆಕೆಂಡಿಗೆ 2 ಮೀ/ಸೆ ಕುಗ್ಗುತ್ತದೆ, ಎರಡನೆಯದರದು 1 ಮೀ/ಸೆ ಕುಗ್ಗುತ್ತದೆ. ಡಿಕ್ಕಿ ತಪ್ಪುತ್ತದೆಯೇ? ಬ್ರೇಕಿನ ಪ್ರಮಾಣವನ್ನು ಲೆಕ್ಕದ ಅನುಕೂಲಕ್ಕಾಗಿ ಆರಿಸಿದ್ದೇನೆ.

ಸಾಪೇಕ್ಷ ಚಲನೆಯನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿ ಹೀಗೆ ಬರೆಯುತ್ತಾರೆ: ಹತ್ತಿರವಾಗುವ ವೇಗ 50 ಮೀ/ಸೆ, ಅದು ಕುಗ್ಗುವ ದರ 3 ಮೀ/ಸೆ², ಅದು ಸೊನ್ನೆಯಾಗುವಷ್ಟರಲ್ಲಿ ಕ್ರಮಿಸುವ ದೂರ 2500ನ್ನು 6ರಿಂದ ಭಾಗಿಸಿದಷ್ಟು, ಅಂದರೆ 416.7 ಮೀಟರ್, 540 ಮೀಟರ್ ಇರುವುದರಿಂದ ರೈಲುಗಳು ಸುರಕ್ಷಿತ. ಚಿಹ್ನೆಗಳೂ ಸರಿ, ಏಕಮಾನಗಳೂ ಸರಿ, ಗುಣಾಕಾರವೂ ಸರಿ. ಉತ್ತರ ಮಾತ್ರ ತಪ್ಪು.

ಒಂದೊಂದು ರೈಲನ್ನೂ ಪ್ರತ್ಯೇಕವಾಗಿ ನಿಲ್ಲಿಸಿ ನೋಡಿ. ಮೊದಲನೆಯದು 10 ಸೆಕೆಂಡಿನಲ್ಲಿ, 100 ಮೀಟರ್ ಸಾಗಿ ನಿಲ್ಲುತ್ತದೆ. ಎರಡನೆಯದಕ್ಕೆ ನಿಲ್ಲಲು 30 ಸೆಕೆಂಡು, 450 ಮೀಟರ್ ಬೇಕು. ಒಟ್ಟು 550 ಮೀಟರ್ ಬೇಕಾಗಿದ್ದು, ಇರುವುದು 540. ಡಿಕ್ಕಿ ಖಚಿತ. ಹಾಗಾದರೆ ಸೂತ್ರ 416.7 ಎಂದದ್ದೇಕೆ? ಆ ಸೂತ್ರದಂತೆ ಹತ್ತಿರವಾಗುವ ವೇಗ ಸೊನ್ನೆಯಾಗುವುದು 16.67ನೆಯ ಸೆಕೆಂಡಿನಲ್ಲಿ. ಆ ಕ್ಷಣದಲ್ಲಿ ಮೊದಲನೆಯ ರೈಲಿನ ವೇಗವನ್ನು ಅದೇ ಸಮೀಕರಣಕ್ಕೆ ಹಾಕಿದರೆ 20 − 33.3 = −13.3 ಮೀ/ಸೆ ಎಂದು ಬರುತ್ತದೆ. ಬ್ರೇಕ್ ಹಾಕಿದ ರೈಲು ನಿಂತ ಮೇಲೆ ಹಿಂದಕ್ಕೆ ಓಡಲು ತೊಡಗಿದೆ! 100 ಮೀಟರ್ ಮುಂದೆ ಬಂದು, 44.4 ಮೀಟರ್ ಹಿಂದೆ ಸರಿದು, ಎದುರಿನ ರೈಲಿಗೆ ಇಲ್ಲದ ಜಾಗವನ್ನು ಬಿಟ್ಟುಕೊಟ್ಟಿದೆ. ಬ್ರೇಕ್ ಚಲನೆಯನ್ನು ತಡೆಯುತ್ತದೆ, ಹಿಮ್ಮುಖ ಚಲನೆಯನ್ನು ಕೊಡುವುದಿಲ್ಲ ಎಂಬ ಸಂಗತಿ ಸಮೀಕರಣಕ್ಕೆ ಗೊತ್ತಿಲ್ಲ. ಅದನ್ನು ತಿಳಿಸಬೇಕಾದವರು ನಾವು.

ಸರಿಯಾದ ದಾರಿ ಚಲನೆಯನ್ನು ಎರಡು ಕಂತುಗಳಾಗಿ ಒಡೆಯುವುದು. ಮೊದಲ 10 ಸೆಕೆಂಡಿನಲ್ಲಿ ಒಂದು ರೈಲು 100 ಮೀಟರ್, ಇನ್ನೊಂದು 250 ಮೀಟರ್ ಬಂದಿವೆ. ಉಳಿದ ಅಂತರ 190 ಮೀಟರ್. ಆಗ ಎರಡನೆಯ ರೈಲಿನ ವೇಗ 20 ಮೀ/ಸೆ, ಎದುರಿಗೆ ನಿಂತ ರೈಲು. 190 = 20ಕ − ½ಕ² ಎಂಬುದರ ಮೂಲಗಳು 15.53 ಮತ್ತು 24.47. ಚಿಕ್ಕದೇ ಉತ್ತರ, ಏಕೆಂದರೆ ದೊಡ್ಡ ಮೂಲ ರೈಲುಗಳು ಒಂದನ್ನೊಂದು ಹಾದುಹೋಗಬಲ್ಲವೆಂದು ಭಾವಿಸಿ, ಎರಡನೆಯದು ಹಿಮ್ಮುಖವಾಗಿ ಮರಳುವ ಕ್ಷಣವನ್ನು ಹೇಳುತ್ತದೆ. ಹೀಗೆ ಬ್ರೇಕ್ ಹಾಕಿದ 25.53 ಸೆಕೆಂಡಿಗೆ, 4.47 ಮೀ/ಸೆ ವೇಗದಲ್ಲಿ ಡಿಕ್ಕಿ ಸಂಭವಿಸುತ್ತದೆ.

ಈ ದೋಷವನ್ನು ಹಿಡಿಯುವ ಪರೀಕ್ಷೆ ಸರಳ. ವೇಗ ಕುಗ್ಗುತ್ತಿರುವ ಪ್ರತಿಯೊಂದು ಕಾಯವೂ ಯಾವಾಗ ನಿಲ್ಲುತ್ತದೆಂದು ಮೊದಲು ಬರೆದಿಟ್ಟುಕೊಳ್ಳಿ. ನಿಮ್ಮ ಸಾಪೇಕ್ಷ ಲೆಕ್ಕದಿಂದ ಬಂದ ಕಾಲ ಅವುಗಳಲ್ಲಿ ಚಿಕ್ಕದನ್ನು ಮೀರಿದರೆ ಆ ಲೆಕ್ಕ ಅಲ್ಲಿಗೇ ಅನೂರ್ಜಿತ. ವೇಗ-ಕಾಲ ನಕ್ಷೆ ಬರೆಯುವ ಅಭ್ಯಾಸವಿದ್ದವರಿಗೆ ಇದು ಕಣ್ಣಿಗೇ ಕಾಣುತ್ತದೆ: ರೇಖೆ ಅಕ್ಷವನ್ನು ಮುಟ್ಟಿದ ಮೇಲೆ ಅಕ್ಷದ ಮೇಲೆಯೇ ಮಲಗಬೇಕು, ಕೆಳಗಿಳಿಯಬಾರದು. ಇನ್ನೊಂದು ಎಚ್ಚರಿಕೆಯ ಮಾತು: ಎರಡೂ ರೈಲುಗಳು ಒಂದೇ ಕ್ಷಣದಲ್ಲಿ ನಿಲ್ಲುವಂಥ ಅಂಕಿಗಳಿದ್ದರೆ ತಪ್ಪು ವಿಧಾನವೂ ಸರಿಯಾದ ಉತ್ತರವನ್ನೇ ಕೊಡುತ್ತದೆ. 20 ಮೀ/ಸೆ ವೇಗಕ್ಕೆ 1 ಮೀ/ಸೆ², 30 ಮೀ/ಸೆ ವೇಗಕ್ಕೆ 1.5 ಮೀ/ಸೆ² ಇಟ್ಟು ನೋಡಿ. ಎರಡು ದಾರಿಗಳಲ್ಲೂ 500 ಮೀಟರೇ ಬರುತ್ತದೆ. ಅಂಥ ಒಂದು ಲೆಕ್ಕ ಸರಿಹೋದುದರಿಂದ ವಿಧಾನ ಸರಿಯೆಂದು ನಂಬಿಬಿಡುವುದು ಸುಲಭ.

ಇದು ಕಾಗದದ ಮೇಲಿನ ಪ್ರಶ್ನೆ ಮಾತ್ರವಲ್ಲ. ರೈಲುಗಳ ಡಿಕ್ಕಿ ತಪ್ಪಿಸುವ ಭಾರತೀಯ ರೈಲ್ವೆಯ ‘ಕವಚ್’ ವ್ಯವಸ್ಥೆಯನ್ನು 2022ರ ಮಾರ್ಚ್ 4ರಂದು ದಕ್ಷಿಣ ಮಧ್ಯ ರೈಲ್ವೆಯಲ್ಲಿ ಪರೀಕ್ಷಿಸಿದಾಗ, ರೈಲ್ವೆ ಸಚಿವರು ಪ್ರಯಾಣಿಸುತ್ತಿದ್ದ ಎಂಜಿನ್ ಎದುರಿನ ಎಂಜಿನ್‌ಗೆ 380 ಮೀಟರ್ ದೂರವಿರುವಾಗಲೇ ತಾನಾಗಿ ನಿಂತಿತು. ಯಾವ ಕ್ಷಣದಲ್ಲಿ ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಂತೀತು ಎಂಬ ಇದೇ ಬಗೆಯ ಲೆಕ್ಕವನ್ನು ಅಂಥ ವ್ಯವಸ್ಥೆಗಳು ಕ್ಷಣಕ್ಷಣಕ್ಕೂ ಮಾಡಬೇಕಾಗುತ್ತದೆ.

ಮಿತಿ ತಿಳಿಯದ ಸಮೀಕರಣದ ಇದೇ ಕಾಯಿಲೆ ಕಲ್ಲುಗಳ ಲೆಕ್ಕದಲ್ಲೂ ಬರುತ್ತದೆ. 60 ಮೀಟರ್ ಎತ್ತರದ ಲೆಕ್ಕದಲ್ಲಿ ಎರಡನೆಯ ಕಲ್ಲನ್ನು 10 ಮೀ/ಸೆ ವೇಗದಲ್ಲಿ ಎಸೆದರೆ 60 ÷ 10 = 6 ಸೆಕೆಂಡಿಗೆ ಸಂಧಿಸುತ್ತವೆ ಎಂದಾಗುತ್ತದೆ. ಆದರೆ ಮೇಲಿನ ಕಲ್ಲು 3.5 ಸೆಕೆಂಡಿಗೇ ನೆಲ ಮುಟ್ಟಿರುತ್ತದೆ, ಎಸೆದದ್ದು 2.04 ಸೆಕೆಂಡಿಗೇ ಮರಳಿ ಬಿದ್ದಿರುತ್ತದೆ. ಸಮೀಕರಣ ಅವುಗಳನ್ನು ನೆಲದೊಳಗೆ ಸಂಧಿಸಿದೆ. ಗಾಳಿಯಲ್ಲೇ ಸಂಧಿಸಬೇಕಾದರೆ ಎಸೆಯುವ ವೇಗ ಸುಮಾರು 17.15 ಮೀ/ಸೆ ಮೀರಿರಬೇಕು.

ಉತ್ತರ ಸುಮಾರು 13 ಪಟ್ಟು ಹೆಚ್ಚಿದ್ದರೆ

ಗಂಟೆಗೆ ಕಿ.ಮೀ. ಎಂಬುದನ್ನು ಮೀ/ಸೆ ಆಗಿ ಬದಲಿಸಿಲ್ಲ. 3.6ರ ವರ್ಗ 12.96, ನಿಲ್ಲುವ ದೂರದಲ್ಲಿ ವೇಗದ ವರ್ಗವಿರುವುದರಿಂದ 100 ಮೀಟರ್ ಆಗಬೇಕಾದದ್ದು 1296 ಮೀಟರ್ ಆಗುತ್ತದೆ. ಕಾಲ ಮಾತ್ರ 3.6 ಪಟ್ಟು ಹೆಚ್ಚಿದ್ದರೂ ಕಾರಣ ಅದೇ.

ಜಾಗ ಸರಿ, ಕಾಲ ತಪ್ಪು

ವೇಗೋತ್ಕರ್ಷವನ್ನು ನೇರವಾಗಿ ಕೊಡದೆ ಬಲವನ್ನು ಕೊಟ್ಟಾಗ ಇನ್ನೊಂದು ಬಗೆಯ ಗೊಂದಲ ಹುಟ್ಟುತ್ತದೆ. ನಿಶ್ಚಲವಾದ ಕೆರೆಯಲ್ಲಿ 25 ಮೀಟರ್ ಅಂತರದಲ್ಲಿ ಎರಡು ದೋಣಿಗಳಿವೆ. ಕುಳಿತವರನ್ನೂ ಸೇರಿಸಿ ಒಂದರ ದ್ರವ್ಯರಾಶಿ 300 ಕೆ.ಜಿ., ಇನ್ನೊಂದರದು 200 ಕೆ.ಜಿ. ನಡುವೆ ಕಟ್ಟಿದ ಹಗ್ಗವನ್ನು ಎಳೆದಾಗ ಅದರಲ್ಲಿನ ಬಿಗಿತ 60 ನ್ಯೂಟನ್. ನೀರಿನ ತಡೆಯನ್ನು ಲೆಕ್ಕಿಸದಿದ್ದರೆ ವೇಗೋತ್ಕರ್ಷಗಳು 0.2 ಮತ್ತು 0.3 ಮೀ/ಸೆ², ½ × 0.5 × ಕ² = 25, ಕಾಲ 10 ಸೆಕೆಂಡು. ಭಾರದ ದೋಣಿ 10 ಮೀಟರ್, ಹಗುರದ್ದು 15 ಮೀಟರ್ ಸರಿದಿರುತ್ತವೆ.

ಇಬ್ಬರೂ ಎಳೆಯುತ್ತಿದ್ದಾರೆ, ಆದ್ದರಿಂದ ಬಲ 120 ನ್ಯೂಟನ್ ಎಂದು ಹಿಡಿದವರಿಗೆ 7.07 ಸೆಕೆಂಡು ಸಿಗುತ್ತದೆ. ಸಂಧಿಸುವ ಜಾಗ ಮಾತ್ರ ಅದೇ 10, ಅದೇ 15. ಎರಡೂ ಕಡೆಯ ಬಲ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದರಿಂದ ದೂರಗಳ ಅನುಪಾತ ಕದಲಿಲ್ಲ. ಜಾಗ ಸರಿಯಿದ್ದು ಕಾಲ ಮಾತ್ರ ಸರಿಯಾದ ಕಾಲವನ್ನು √2ರಿಂದ ಭಾಗಿಸಿದಷ್ಟಾಗಿದ್ದರೆ ಬಲವನ್ನು ಇಮ್ಮಡಿಸಿದ್ದೀರಿ ಎಂದೇ ತಿಳಿಯಿರಿ. ಹಗ್ಗದ ಬಿಗಿತ ಒಂದೇ. ಒಬ್ಬರು ಎಳೆದು ಇನ್ನೊಬ್ಬರು ಸುಮ್ಮನೆ ಹಿಡಿದಿದ್ದರೂ ಎರಡೂ ದೋಣಿಗಳ ಮೇಲೆ ಅದೇ 60 ನ್ಯೂಟನ್ ಬೀಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಒಪ್ಪಿಸಬಲ್ಲವರೂ ಇಲ್ಲಿ ಅದನ್ನು ಮರೆಯುತ್ತಾರೆ.

ಜಾಗವೇ ತಪ್ಪಿದ್ದು, ಎರಡೂ 12.5 ಮೀಟರ್ ಎಂದು ಬಂದಿದ್ದರೆ ಬಲ ಸಮವೆಂಬುದರಿಂದ ವೇಗೋತ್ಕರ್ಷವೂ ಸಮವೆಂದು ಭಾವಿಸಿದ್ದೀರಿ. ಪರೀಕ್ಷಿಸಲು ದ್ರವ್ಯರಾಶಿಯನ್ನೂ ದೂರವನ್ನೂ ಗುಣಿಸಿ: 300 × 10 = 200 × 15. ನಿಶ್ಚಲ ಸ್ಥಿತಿಯಿಂದ ಹೊರಟು, ಹೊರಗಿನ ಬಲವಿಲ್ಲದಿದ್ದರೆ ಕಾಯಗಳು ಸಂಧಿಸುವುದು ಅವುಗಳ ದ್ರವ್ಯರಾಶಿ ಕೇಂದ್ರದಲ್ಲಿಯೇ. ಒಂದು ದೋಣಿ ದಡಕ್ಕೆ ಕಟ್ಟಿದ್ದರೆ, ಅಥವಾ ಆರಂಭದಲ್ಲೇ ವೇಗವಿದ್ದರೆ ಈ ತಾಳೆಯನ್ನು ಬಳಸಬಾರದು.

ಎಲ್ಲವೂ ಸರಿ, ಆದರೂ ಉತ್ತರ ಹೊಂದದಿದ್ದರೆ

ಆಗ ಅನುಮಾನಿಸಬೇಕಾದದ್ದು ಸೂತ್ರವನ್ನೇ. ಆ ಸೂತ್ರ ಸ್ಥಿರ ವೇಗೋತ್ಕರ್ಷಕ್ಕೆ ಮಾತ್ರ ಸಲ್ಲುತ್ತದೆ. ಕಾಯಗಳು ಹತ್ತಿರವಾದಂತೆ ಅವುಗಳ ನಡುವಿನ ಬಲ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಗುರುತ್ವಾಕರ್ಷಣೆ, ವಿದ್ಯುದಾವೇಶಗಳ ಸೆಳೆತ, ಎಳೆದ ಸ್ಪ್ರಿಂಗ್, ಮೂರಕ್ಕೂ ಉತ್ತರ ‘ಹೌದು’ ಎಂದೇ. ಉತ್ತರ ಯಾವ ಕಡೆಗೆ ತಪ್ಪಿದೆ ಎಂಬುದೂ ಒಂದು ಸುಳಿವು. ಸ್ಪ್ರಿಂಗ್ ಸಹಜ ಉದ್ದದತ್ತ ಮರಳಿದಂತೆ ಅದರ ಸೆಳೆತ ಕುಗ್ಗುವುದರಿಂದ ನಿಜವಾದ ಕಾಲ ಆರಂಭಿಕ ವೇಗೋತ್ಕರ್ಷವನ್ನು ಸ್ಥಿರವೆಂದು ಹಿಡಿದು ಪಡೆದ ಕಾಲಕ್ಕಿಂತ ಶೇಕಡಾ 11ರಷ್ಟು ಹೆಚ್ಚು. ಗುರುತ್ವದ ಸೆಳೆತ ಹತ್ತಿರವಾದಂತೆ ಬೆಳೆಯುವುದರಿಂದ ಅಲ್ಲಿ ನಿಜವಾದ ಕಾಲ ಕಡಿಮೆ.

ಬೇರೇನೂ ಇಲ್ಲದ ಶೂನ್ಯದಲ್ಲಿ 1 ಕೆ.ಜಿ. ತೂಗುವ ಎರಡು ಕಬ್ಬಿಣದ ಗುಂಡುಗಳನ್ನು, ಕೇಂದ್ರದಿಂದ ಕೇಂದ್ರಕ್ಕೆ 1 ಮೀಟರ್ ಅಂತರವಿರುವಂತೆ ಬಿಟ್ಟಿದ್ದೇವೆ ಎಂದುಕೊಳ್ಳಿ. ಪ್ರತಿಯೊಂದರ ಆರಂಭಿಕ ವೇಗೋತ್ಕರ್ಷ 6.67 × 10⁻¹¹ ಮೀ/ಸೆ². ಇದನ್ನೇ ಸ್ಥಿರವೆಂದು ಹಿಡಿದರೆ ಅವು ಸೇರಲು 1,22,400 ಸೆಕೆಂಡು, ಅಂದರೆ 34 ಗಂಟೆ ಬೇಕು. ನಿಜವಾದ ಕಾಲವನ್ನು, ಕಕ್ಷೆಯ ಗಾತ್ರಕ್ಕೂ ಸುತ್ತುವ ಕಾಲಕ್ಕೂ ಇರುವ ನಂಟನ್ನು ಹೇಳುವ ಕೆಪ್ಲರನ ಮೂರನೆಯ ನಿಯಮದಿಂದಲೇ ಪಡೆಯಬಹುದು: ನೇರವಾಗಿ ಬೀಳುವುದೆಂದರೆ ಅಗಲವೇ ಇಲ್ಲದಷ್ಟು ಚಪ್ಪಟೆಯಾದ ದೀರ್ಘವೃತ್ತದಲ್ಲಿ ಅರ್ಧ ಸುತ್ತು ಬರುವುದು. ಅದರ ಅರ್ಧ ದೀರ್ಘಾಕ್ಷ ಆರಂಭಿಕ ಅಂತರದ ಅರ್ಧ. ಗುಂಡುಗಳನ್ನು ಬಿಂದುಗಳೆಂದು ಭಾವಿಸಿ ಲೆಕ್ಕ ಹಾಕಿದರೆ ಸುಮಾರು 96,100 ಸೆಕೆಂಡು, ಅಂದರೆ 26.7 ಗಂಟೆ. ಎರಡು ಉತ್ತರಗಳ ಅನುಪಾತ ಕರಾರುವಾಕ್ಕಾಗಿ ಪೈನ ನಾಲ್ಕನೆಯ ಒಂದು ಭಾಗ, 0.785, ಯಾವ ದ್ರವ್ಯರಾಶಿಗಳನ್ನು ತೆಗೆದುಕೊಂಡರೂ, ಯಾವ ಅಂತರವನ್ನು ಇಟ್ಟರೂ ಅದು ಬದಲಾಗುವುದಿಲ್ಲ. ಹಾಗಾಗಿ ಗುರುತ್ವದ ಲೆಕ್ಕದಲ್ಲಿ ನಿಮ್ಮ ಉತ್ತರವನ್ನು 0.785ರಿಂದ ಗುಣಿಸಿದಾಗ ಸರಿಯಾದ ಉತ್ತರ ಸಿಕ್ಕರೆ, ನೀವು ಬದಲಾಗುವ ವೇಗೋತ್ಕರ್ಷವನ್ನು ಸ್ಥಿರವೆಂದು ಹಿಡಿದದ್ದೇ ದೋಷ.

1 ಕೆ.ಜಿ. ಕಬ್ಬಿಣದ ಗುಂಡಿನ ವ್ಯಾಸ ಸುಮಾರು 6.2 ಸೆಂಟಿಮೀಟರ್ ಇರುವುದರಿಂದ ಗುಂಡುಗಳ ಮೈ ತಾಗುವುದು ಕೇಂದ್ರಗಳು ಇನ್ನೂ ಅಷ್ಟು ದೂರವಿರುವಾಗಲೇ. ಆದರೆ ಆ ಹೊತ್ತಿಗೆ ಅವುಗಳ ವೇಗ ಸಾಕಷ್ಟು ಬೆಳೆದಿರುತ್ತದೆ. ಬಿಂದುಗಳ ಲೆಕ್ಕಕ್ಕೂ ನಿಜವಾದ ಗುಂಡುಗಳ ಲೆಕ್ಕಕ್ಕೂ ಇರುವ ವ್ಯತ್ಯಾಸ, 26.7 ಗಂಟೆಗಳಲ್ಲಿ, ಸುಮಾರು 11 ನಿಮಿಷ ಮಾತ್ರ.